ಕೇಳಿದವರಿಗೆ ಮಾತ್ರ ಸಿಗುದಾದ್ರೆ ಕೇಳ್ಲಿಕ್ಕೆ ಆಗದವರು ಎಂತ ಮಾಡ್ಬೇಕು?

ಸಂಪಾದಕರಿಗೆ ನಮಸ್ಕಾರ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಅಕ್ಷಯ ಕೇಂದ್ರದಲ್ಲಿ, ಅಂದ್ರೆ ಸರಕಾರಿ ಅರ್ಜಿಗಳನ್ನು ಆನ್‌ಲೈನಲ್ಲಿ ಹಾಕಿ ಕೊಡುವ ಕಡೆ, ಕೆಲಸ ಮಾಡುವವಳು. ರೇಷನ್ ಕಾರ್ಡಿಗೆ ಹೆಸರು ಸೇರಿಸುದು, ಇನ್ಕಮ್ ಸರ್ಟಿಫಿಕೇಟ್, ಪೆನ್ಶನ್ ಮಸ್ಟರಿಂಗ್, ಜಾಗದ ತೆರಿಗೆ, ಮಕ್ಕಳ ಸ್ಕಾಲರ್‌ಶಿಪ್, ಹೀಗೆ ಬೆಳಗ್ಗಿಂದ ಸಂಜೆವರೆಗೆ ಬೇರೆಯವರ ಅರ್ಜಿ ತುಂಬಿಸುದೇ ನನ್ನ ಕೆಲಸ, ಹಾಗಾಗಿ ಯಾವ ಮನೆಯಲ್ಲಿ ಎಂತ ಕಷ್ಟ ಉಂಟು ಅಂತ ಪಂಚಾಯತಿಗಿಂತ ಮೊದಲು ನಮಗೆ ಗೊತ್ತಾಗ್ತದೆ. ಈಗ ವಾರ್ಡುಗಳಲ್ಲಿ ಗ್ರಾಮಸಭೆ ನಡೀತಾ ಉಂಟಲ್ಲ, ಅದರಲ್ಲಿ ಜನ ಕೂತದ್ದು ಎದ್ದು ಹೋದದ್ದು ನೋಡಿ, ಬಹಳ ಸಮಯದಿಂದ ಮನಸ್ಸಲ್ಲಿ ಇದ್ದದ್ದನ್ನು ಬರೆದೇ ಬಿಡುವ ಅಂತ ಅನ್ನಿಸಿತು. ನಮ್ಮ ಜನ ತಮಗೆ ಆಗಬೇಕಾದ್ದನ್ನು ಬಾಯಿ ಬಿಟ್ಟು ಹೇಳುದಿಲ್ಲ. ಅದರಿಂದ ಅವರಿಗೆ ಆಗುವ ನಷ್ಟವನ್ನು ನಾನು ದಿನಾ ನೋಡ್ತೇನೆ.

ಹೇಳುದೇ ಇಲ್ಲ ಅಂತಲ್ಲ. ನಮ್ಮಲ್ಲಿ ಸರ್ವರ್ ಡೌನ್ ಆದಾಗ ಎಲ್ಲ ಹೊರಗೆ ಬರ್ತದೆ. ಪೇಜ್ ಲೋಡ್ ಆಗ್ಲಿಕ್ಕೆ ಕಾಯುವ ಆ ಹತ್ತು ಹದಿನೈದು ನಿಮಿಷದಲ್ಲಿ ಎದುರಿನ ಕುರ್ಚಿಯಲ್ಲಿ ಕೂತವರು ಮೊದಲು ಮಳೆ ವಿಷಯ, ಅಡಿಕೆ ರೇಟು, ಕೊಳೆರೋಗ ಅಂತ ಶುರು ಮಾಡ್ತಾರೆ, ಮತ್ತೆ ಮೆಲ್ಲ ಸ್ವರ ಇಳಿಸಿ ತುಳುವಿನಲ್ಲೋ ಹವ್ಯಕದಲ್ಲೋ ಮನೆಯ ಮಾತಿಗೆ ಬರ್ತಾರೆ, ಮಗಳ ಗಂಡ ಬಿಟ್ಟು ಹೋದದ್ದು, ಬ್ಯಾಂಕಿಂದ ನೋಟೀಸು ಬಂದದ್ದು, ಎರಡು ವರ್ಷದಿಂದ ಕುಡಿಯುವ ನೀರಿನ ಪೈಪಲ್ಲಿ ನೀರು ಬಾರದ್ದು. ಅಷ್ಟರಲ್ಲಿ ಸೈಟ್ ಓಪನ್ ಆದ್ರೆ ಮಾತು ಅಲ್ಲಿಗೇ ನಿಲ್ತದೆ, "ಇರ್ಲಿ ಬಿಡಿ, ಅದೆಲ್ಲ ಹೇಳಿ ಎಂತ ಪ್ರಯೋಜನ" ಅಂತ ಹೇಳಿ ದುಡ್ಡು ಕೊಟ್ಟು ಹೋಗ್ತಾರೆ. ಆ ಮಾತನ್ನು ಹೇಳ್ಬೇಕಾದ ಕಡೆ, ಅಂದ್ರೆ ವಿಲೇಜ್ ಆಫೀಸಲ್ಲಿ, ಆಸ್ಪತ್ರೆಯಲ್ಲಿ, ಗ್ರಾಮಸಭೆಯಲ್ಲಿ, ಇವರು ಯಾವತ್ತೂ ಹೇಳಿರುದಿಲ್ಲ.

ಒಬ್ಬರು ಬೀಡಿ ಕಟ್ಟುವ ಅಮ್ಮನ ವಿಷಯ ಹೇಳ್ತೇನೆ. ಎಪ್ಪತ್ತು ದಾಟಿದವರು, ಗಂಡ ತೀರಿ ಹೋಗಿ ತುಂಬ ವರ್ಷ ಆಯ್ತು, ವಿಧವಾ ಪೆನ್ಶನ್ ಬರ್ತಿತ್ತು, ಆಗ ತಿಂಗಳಿಗೆ 1600 ರೂಪಾಯಿ. ನಮ್ಮಲ್ಲಿ ಪೆನ್ಶನ್ ತಗೊಳ್ಳುವವರು ಬದುಕಿದ್ದಾರೆ ಅಂತ ತೋರಿಸ್ಲಿಕ್ಕೆ ಬೆರಳಚ್ಚು ಕೊಟ್ಟು ಮಸ್ಟರಿಂಗ್ ಮಾಡ್ಬೇಕು. ಹುಡುಗಿಯಾಗಿದ್ದಾಗಿಂದ ಬೀಡಿ ಕಟ್ಟಿ ಕಟ್ಟಿ ಅವರ ಬೆರಳ ತುದಿ ಪೂರ್ತಿ ಸವೆದು ನುಣ್ಣಗಾಗಿದೆ, ಗೆರೆ ಅಂತ ಒಂದೂ ಕಾಣುದಿಲ್ಲ, ಮೆಷಿನಿಗೆ ಹತ್ತು ಬೆರಳು ಇಟ್ರೂ ಹಿಡಿಯುದಿಲ್ಲ. ಹಾಗೆ ಆದವರಿಗೆ ಬೇರೆ ದಾರಿ ಉಂಟು, ಲೈಫ್ ಸರ್ಟಿಫಿಕೇಟ್ ಕೊಟ್ರೆ ಆಗ್ತದೆ. ಆದ್ರೆ ಅವರು ಮಸ್ಟರಿಂಗಿಗೆ ಹೋದ ಕಡೆ "ಆಗುದಿಲ್ಲ" ಅಂತ ಮಲಯಾಳದಲ್ಲಿ ಹೇಳಿದ್ದು ಮಾತ್ರ ಅವರಿಗೆ ಅರ್ಥ ಆಗಿದೆ, ಮುಂದೆ ಎಂತ ಮಾಡ್ಬೇಕು ಅಂತ ಹೇಳಿದ್ರೋ ಇಲ್ವೋ, ಇವರು ಕೇಳ್ಲೂ ಇಲ್ಲ, ತಿರುಗಿ ಬಂದಿದ್ದಾರೆ. ಪೆನ್ಶನ್ ನಿಂತಿತು. ಮನೆಯಲ್ಲಿ ಮಗನಿಗೂ ಹೇಳ್ಲಿಲ್ಲ. ತಿಂಗಳುಗಟ್ಟಲೆ ಕಳೆದ ಮೇಲೆ ಮೊಮ್ಮಗಳ ಸ್ಕಾಲರ್‌ಶಿಪ್ಪಿಗೆ ಅಂತ ನಮ್ಮಲ್ಲಿಗೆ ಬಂದಾಗ ಸುಮ್ಮನೆ ಮಾತಿಗೆ, "ನನ್ನದು ಸರಕಾರ ನಿಲ್ಸಿತು ಕಾಣ್ತದೆ ಮಗಾ, ವಯಸ್ಸಾಯ್ತಲ್ಲ" ಅಂದ್ರು. ವಯಸ್ಸಾದ್ರೆ ಪೆನ್ಶನ್ ನಿಲ್ಸುದಾ ಅಮ್ಮಾ ಅಂತ ಕೇಳಿದೆ. ಅವರಿಗೆ ಅದು ವಿಚಿತ್ರ ಅನ್ನಿಸ್ಲೇ ಇಲ್ಲ, ಕೊಟ್ಟವರು ನಿಲ್ಲಿಸಿದ್ರು, ಅದನ್ನು ಹೋಗಿ ಕೇಳುದು ಹೇಗೆ, ಕೇಳಿದ್ರೆ ಎಂತ ಗ್ರಹಿಸ್ತಾರೋ ಅಂತ. ಕೆಲಸ ಆಗ್ಲಿಕ್ಕೆ ಬೇಕಾದ್ದು ಒಂದು ಕಾಗದ ಮಾತ್ರ.

ಇಂಥವರನ್ನು "ತಿಳುವಳಿಕೆ ಇಲ್ಲ" ಅಂತ ಬದಿಗೆ ಹಾಕುವವರು ಉಂಟು, ನನಗೆ ಅದು ಕೇಳಿದ್ರೆ ಬೇಜಾರಾಗ್ತದೆ. ಅದೇ ಅಮ್ಮ ಬೀಡಿ ಬ್ರಾಂಚಿನಲ್ಲಿ ಒಂದು ಕಟ್ಟು ಬೀಡಿ ಸರಿ ಇಲ್ಲ ಅಂತ ತೆಗೆದಿಟ್ರೆ ಲೆಕ್ಕ ಹಾಕಿ ಜಗಳ ಮಾಡಿ ವಾಪಸ್ ತಗೊಳ್ಳುವವರು. ಅಲ್ಲಿ ತುಳು ನಡೀತದೆ, ಅಲ್ಲಿ ತನ್ನ ದುಡಿಮೆಯ ಹಕ್ಕು ಅಂತ ಧೈರ್ಯ ಉಂಟು. ಆಫೀಸಿನ ಕೌಂಟರಿನಲ್ಲಿ ಮಾತ್ರ ಸ್ವರ ಏಳುದಿಲ್ಲ. ಅಲ್ಲಿ ಭಾಷೆ ಬೇರೆ, ಮತ್ತೆ ಅಲ್ಲಿಂದ ಸಿಗುದೆಲ್ಲ ಯಾರೋ ದೊಡ್ಡ ಮನಸ್ಸು ಮಾಡಿ ಕೊಟ್ಟದ್ದು ಅಂತ ನಮ್ಮವರ ತಲೆಯಲ್ಲಿ ಕೂತು ಹೋಗಿದೆ.

ಈಗ ಗ್ರಾಮಸಭೆಗೆ ಬರ್ತೇನೆ. ಕೇರಳದಲ್ಲಿ ವಾರ್ಡಿಗೊಂದು ಗ್ರಾಮಸಭೆ, 1994ರ ಪಂಚಾಯತ್‌ರಾಜ್ ಕಾಯ್ದೆ ಪ್ರಕಾರ ಮೂರು ತಿಂಗಳಿಗೆ ಒಮ್ಮೆಯಾದ್ರೂ ಸೇರ್ಬೇಕು, ವಾರ್ಡಿನ ಮತದಾರರಲ್ಲಿ ನೂರಕ್ಕೆ ಹತ್ತು ಜನ ಇದ್ರೆ ಕೋರಂ. ಯಾರಿಗೆ ಮನೆ ಕೊಡ್ಬೇಕು, ಯಾವ ರಸ್ತೆ ಮೊದಲು ಆಗ್ಬೇಕು, ಪಟ್ಟಿಯಲ್ಲಿ ಯಾರ ಹೆಸರು ಮೇಲೆ ಅಂತ ಜನರೇ ಕೂತು ಹೇಳುವ ಜಾಗ ಅದು. ಇದಕ್ಕಿಂತ ದೊಡ್ಡ ಅವಕಾಶ ಒಬ್ಬ ಸಾಮಾನ್ಯ ಮನುಷ್ಯನಿಗೆ ಬೇರೆ ಎಲ್ಲಿ ಸಿಗ್ತದೆ ಹೇಳಿ. ಆದ್ರೆ ನಡಿಯುದು ಹೇಗೆ? ಶಾಲೆಯ ಹಾಲಲ್ಲಿ ಬೆಂಚು, ಬಾಗಿಲ ಹತ್ರ ರಿಜಿಸ್ಟರ್, ಬಂದವರು ಮೊದಲು ಸೈನ್ ಹಾಕ್ತಾರೆ, ಹೆಂಗಸರು ಹೆಚ್ಚಿನವರು ಕುಡುಂಬಶ್ರೀ ಅಂತ ಹೇಳುವ ಹೆಂಗಸರ ಸ್ವಸಹಾಯ ಸಂಘದಿಂದ ಬಂದವರು, ಒಬ್ಬರು ಆಫೀಸರ್ ಮೈಕ್ ಹಿಡಿದು ಯೋಜನೆಯ ಪಟ್ಟಿಯನ್ನು ಮಲಯಾಳದಲ್ಲಿ ಓದ್ತಾರೆ, ಎಲ್ಲರೂ ತಲೆ ಆಡಿಸ್ತಾರೆ, "ಯಾರಿಗಾದ್ರೂ ಎಂತಾದ್ರೂ ಹೇಳ್ಲಿಕ್ಕುಂಟಾ" ಅಂತ ಕೇಳ್ತಾರೆ, ಹಾಲ್ ಪೂರ್ತಿ ಸೈಲೆಂಟ್, ಚಾ ಕುಡಿದು ಎದ್ದು ಬರ್ತಾರೆ. ಗೇಟು ದಾಟಿದ್ದೇ ತಡ, ಆ ರಸ್ತೆ ಇವರ ಮನೆವರೆಗೆ ಮಾತ್ರ ಯಾಕೆ, ಆ ಮನೆ ಇವನಿಗೆ ಹೇಗೆ ಸಿಕ್ಕಿತು, ನಮ್ಮ ಕಡೆ ಲೈಟ್ ಹಾಕ್ಲೇ ಇಲ್ಲ ಅಂತ ಅರ್ಧ ಗಂಟೆ ಮಾತು. ಒಳಗೆ ಒಂದು ನಿಮಿಷ ಹೇಳಿದ್ರೆ ಮಿನಿಟ್ಸ್ ಬುಕ್ಕಲ್ಲಿ ಬರ್ತಿತ್ತು, ಬರೆದದ್ದಕ್ಕೆ ಅವರು ಉತ್ತರ ಕೊಡ್ಬೇಕಾಗ್ತಿತ್ತು. ಹೊರಗೆ ಹೇಳಿದ್ದಕ್ಕೆ ಯಾರೂ ಜವಾಬ್ದಾರರಲ್ಲ.

ಒಂದು ಸಲ ನಾನು ಇದ್ದ ಗ್ರಾಮಸಭೆಯಲ್ಲಿಯೇ ಬೇರೆ ರೀತಿ ಆಯ್ತು, ಅದನ್ನೂ ಹೇಳ್ಬೇಕು. ಒಂದು ತೋಡಿಗೆ ಅಡಿಕೆ ಮರದ ಸಂಕ, ಅಂದ್ರೆ ಕಾಲುಸೇತುವೆ, ಇತ್ತು, ಮಳೆಗಾಲದಲ್ಲಿ ಮಕ್ಕಳು ಅದರ ಮೇಲೆ ಕೊಡೆ ಹಿಡ್ಕೊಂಡು ದಾಟಿ ಶಾಲೆಗೆ ಹೋಗುದು, ಮರ ಪಾಚಿ ಹಿಡಿದು ಜಾರ್ತದೆ, ಕೆಳಗೆ ಕೆಂಪು ನೀರು. ಆ ಕಡೆ ಇರುವ ಮನೆಯವರು ಎಲ್ಲ ಬಂದಿದ್ರು, ಯಾರೂ ಬಾಯಿ ತೆಗೀಲಿಲ್ಲ. ಹಿಂದಿನ ಬೆಂಚಿನಲ್ಲಿದ್ದ ಒಬ್ಬರು ಅಜ್ಜಿ ಎದ್ದು ನಿಂತು ಮೈಕ್ ಬೇಡ ಅಂತ ಕೈ ಆಡಿಸಿ ತುಳುವಿನಲ್ಲಿ ಹೇಳ್ಲಿಕ್ಕೆ ಶುರು ಮಾಡಿದ್ರು. ಮೆಂಬರ್ ಮನೆಯಲ್ಲಿ ತುಳು ಮಾತಾಡುವವರೇ, ಅವರೂ ತುಳುವಿನಲ್ಲೇ ಉತ್ತರ ಕೊಟ್ರು. ಅಷ್ಟೇ ಆದದ್ದು. ಮತ್ತೆ ನೋಡಿದ್ರೆ ಒಬ್ಬರ ನಂತರ ಒಬ್ಬರು ಏಳ್ತಾ ಇದ್ದಾರೆ, ಕನ್ನಡದಲ್ಲಿ, ಮರಾಠಿ ಸೇರಿದ ಕನ್ನಡದಲ್ಲಿ, ಬ್ಯಾರಿಯಲ್ಲಿ, ಮೂರು ನಾಲ್ಕು ಜನ ಮಲಯಾಳದಲ್ಲಿಯೂ. ಸಪ್ತಭಾಷೆಯ ಊರು ಅಂತ ಸ್ಟೇಜಲ್ಲಿ ಭಾಷಣ ಮಾಡ್ತೇವಲ್ಲ, ಅದು ಆವತ್ತು ಆ ಹಾಲಲ್ಲಿ ನಿಜ ಆಯ್ತು. ಸಂಕದ ವಿಷಯ ಮಿನಿಟ್ಸಿಗೆ ಬಂತು, ಕಾಂಕ್ರೀಟ್ ಆಗ್ಲಿಕ್ಕೆ ಇನ್ನೂ ಸಮಯ ಹಿಡಿದೀತು, ಆದ್ರೆ ಪಟ್ಟಿಯಲ್ಲಿ ಉಂಟು. ಮೊದಲು ಮಾತಾಡುವವರು ಯಾವ ಭಾಷೆಯಲ್ಲಿ ಮಾತಾಡ್ತಾರೆ ಅನ್ನುದರ ಮೇಲೆ ಉಳಿದವರ ಬಾಯಿ ತೆರೆಯುದು ನಿಂತಿದೆ ಅಂತ ನನಗೆ ಆವತ್ತು ಖಾತ್ರಿ ಆಯ್ತು.

ಭಾಷೆಯ ವಿಷಯ ಬಂದ್ರೆ ಕೂಡ್ಲೇ ರಾಜಕೀಯ ಅಂತ ಹೇಳ್ತಾರೆ. ನಾನು ಕೇಳುದು ತುಂಬ ಸಣ್ಣದು. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು, ಕವಿ ಕಯ್ಯಾರ ಕಿಞ್ಞಣ್ಣ ರೈಗಳಂಥವರು ಜೀವಮಾನ ಪೂರ್ತಿ ಕರ್ನಾಟಕದ ಜೊತೆ ವಿಲೀನಕ್ಕಾಗಿ ಹೋರಾಡಿದ್ರು, 1967ರಲ್ಲಿ ಗಡಿ ವಿಷಯದ ಮಹಾಜನ ವರದಿ ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಅಂತ ಹೇಳಿತು, ಅದು ಜಾರಿ ಆಗ್ಲಿಲ್ಲ, ಅದೆಲ್ಲ ನಿಮ್ಮ ಓದುಗರಿಗೆ ಗೊತ್ತಿರುವ ಕತೆ. ನಮ್ಮ ಅಜ್ಜಂದಿರು ಮೆರವಣಿಗೆ ಹೋಗಿ ಗಂಟಲು ಹರ್ಕೊಂಡು ಕೂಗಿದವರು, ಹಾಗಾಗಿ ಈ ಊರಿನ ಜನಕ್ಕೆ ಸ್ವರವೇ ಇಲ್ಲ ಅಂತ ಹೇಳುವ ಹಾಗಿಲ್ಲ. ಆದ್ರೆ ದೊಡ್ಡ ವಿಷಯಕ್ಕೆ ಕೂಗಿದವರ ಮಕ್ಕಳು ಮೊಮ್ಮಕ್ಕಳು ಈಗ ದಿನನಿತ್ಯದ ಸಣ್ಣ ವಿಷಯಕ್ಕೆ, ಕಾನೂನಿನಲ್ಲೇ ಕೊಟ್ಟದ್ದನ್ನು ಕೇಳ್ಲಿಕ್ಕೆ ನಾಚಿಕೆ ಮಾಡ್ತಾರೆ. ಸಂವಿಧಾನದ 350ನೇ ವಿಧಿ ಪ್ರಕಾರ ಯಾವುದೇ ಅಧಿಕಾರಿಗೆ ನಮ್ಮ ಕುಂದುಕೊರತೆಯನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿ ಬೇಕಾದ್ರೂ ಕೊಡಬಹುದು. ಕೇರಳದ್ದೇ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರಕ್ಕೆ ಬರೀಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಅಂತ ಉಂಟು. ನಮ್ಮ ಜಿಲ್ಲೆಗೆ ಅಂತಲೇ ಪಿಎಸ್‌ಸಿಯಲ್ಲಿ ಕನ್ನಡ ಮಲಯಾಳ ಎರಡೂ ಬಲ್ಲ ಕ್ಲರ್ಕ್ ಹುದ್ದೆ ಉಂಟು. ಆದ್ರೂ ನಮ್ಮಲ್ಲಿಗೆ ಬರುವವರು "ಮಲಯಾಳದಲ್ಲೇ ಬರೆದು ಕೊಡಿ ಮಾರಾಯ್ರೇ, ಕನ್ನಡದಲ್ಲಿ ಕೊಟ್ರೆ ಬದಿಗೆ ಇಡ್ತಾರೆ, ಮತ್ತೆ ಅವರಿಗೆ ಕೋಪ ಬಂದ್ರೆ" ಅಂತ ಹೇಳ್ತಾರೆ. ಕೋಪ ಬರ್ತದೆ ಅಂತ ಇವರೇ ಗ್ರಹಿಸಿದ್ದು. ನಾನು ಕೆಲವರಿಗೆ ಒತ್ತಾಯ ಮಾಡಿ ಕನ್ನಡದಲ್ಲಿ ಬರೆಸಿ ಕಳಿಸಿದ್ದೇನೆ, ತಗೊಂಡಿದ್ದಾರೆ, ಯಾರೂ ಜಗಳಕ್ಕೆ ಬರ್ಲಿಲ್ಲ. ಮಲಯಾಳಿ ಆಫೀಸರುಗಳಲ್ಲಿ ನಿಧಾನಕ್ಕೆ ಕೂರಿಸಿ ಕೇಳುವ ಒಳ್ಳೆಯವರು ಬೇಕಾದಷ್ಟು ಜನ ಇದ್ದಾರೆ, ಅವರನ್ನು ದೂರುದು ನನ್ನ ಉದ್ದೇಶ ಅಲ್ಲ. ನಾವು ಹೇಳದೆ ಅವರಿಗೆ ಗೊತ್ತಾಗುದು ಹೇಗೆ?

ದೊಡ್ಡವರು ಬಾಯಿ ಮುಚ್ಚಿ ಕೂತಾಗ ಮಕ್ಕಳು ಮಾತಾಡಿದ್ದನ್ನೂ ನಾವು ನೋಡಿದ್ದೇವೆ. ಕನ್ನಡ ಮಾಧ್ಯಮದ ಕ್ಲಾಸಿಗೆ ಕನ್ನಡ ಬಾರದ ಟೀಚರನ್ನು ಹಾಕಿದಾಗ ಶಾಲೆಯ ಮಕ್ಕಳೇ ಹೊರಗೆ ಬಂದು ನಿಂತು ನಮಗೆ ಪಾಠ ಅರ್ಥ ಆಗುದಿಲ್ಲ ಅಂತ ಹೇಳಿದ್ರು. ಎಷ್ಟು ಸರಳ ಮಾತು ಅದು.

ಸುಮ್ಮನಿರುದಕ್ಕೆ ಎಷ್ಟು ಬೆಲೆ ಕೊಡ್ಬೇಕಾಗ್ತದೆ ಅಂತ ಕಾಸರಗೋಡಿನವರಿಗೆ ಬೇರೆ ಯಾರೂ ಹೇಳಿ ಕೊಡ್ಬೇಕಾಗಿಲ್ಲ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರು, ಕಾರಡ್ಕ, ಈ ಕಡೆಯ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಅಂತ ಹೇಳುವ ಕೀಟನಾಶಕ ಹೊಡೆದ್ರು, ವರ್ಷಕ್ಕೆ ಎರಡು ಮೂರು ಸಲ, ಕೆಳಗೆ ಮನೆ ಇತ್ತು, ಬಾವಿ ಇತ್ತು, ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ಕುಡಿಯುವ ನೀರು ಇತ್ತು. ಮಕ್ಕಳು ಹುಟ್ಟುವಾಗಲೇ ಊನ ಆಗಿ ಹುಟ್ಟಿದಾಗ ದೈವದ ಕೋಪ, ನಾಗದೋಷ ಅಂತ ಮನೆಯೊಳಗೇ ಹೇಳ್ಕೊಂಡ್ರು. ಹೊರಗೆ ಗೊತ್ತಾದ್ರೆ ದೊಡ್ಡ ಮಗಳಿಗೆ ಸಂಬಂಧ ಕೂಡಿ ಬರುದಿಲ್ಲ ಅಂತ ಮಗುವನ್ನು ಒಳಗಿನ ಕೋಣೆಯಲ್ಲಿ ಇಟ್ಟವರು ಉಂಟು. ಒಂದೊಂದು ಮನೆಯೂ ಇದು ನಮ್ಮ ಮನೆಗೆ ಮಾತ್ರ ಬಂದ ಗ್ರಹಚಾರ ಅಂತ ತಿಳ್ಕೊಂಡಿತ್ತು, ಪಕ್ಕದ ಮನೆಯಲ್ಲೂ ಅದೇ ಉಂಟು ಅಂತ ಗೊತ್ತಾಗ್ಲಿಕ್ಕೆ ಯಾರಾದ್ರೂ ಮೊದಲು ಬಾಯಿ ಬಿಡಬೇಕಿತ್ತು. ವಾಣಿನಗರದ ಡಾ. ವೈ.ಎಸ್. ಮೋಹನಕುಮಾರ್ ತಮ್ಮ ಹತ್ರ ಬರುವ ರೋಗಿಗಳನ್ನು ನೋಡಿ ಇಷ್ಟು ಸಣ್ಣ ಊರಲ್ಲಿ ಇಷ್ಟು ಕಾಯಿಲೆ ಯಾಕೆ ಅಂತ ಕೇಳಿದ್ರು, ಪತ್ರಕರ್ತ ಶ್ರೀಪಡ್ರೆ ಬರೆದ್ರು, ಪೆರಿಯದ ಲೀಲಾಕುಮಾರಿ ಅಮ್ಮ ಕೃಷಿ ಇಲಾಖೆಯಲ್ಲಿ ಕೆಲಸದಲ್ಲಿ ಇದ್ಕೊಂಡೇ 1998ರಲ್ಲಿ ನಮ್ಮ ಜಿಲ್ಲೆಯ ಹೊಸದುರ್ಗದ ಕೋರ್ಟಿಗೆ ಹೋಗಿ ಆ ಹೊಡೆಯುದಕ್ಕೆ ಸ್ಟೇ ತಂದ್ರು. ಸರಕಾರಿ ಕೆಲಸದಲ್ಲಿರುವ ಒಬ್ಬರು ಹೆಂಗಸು ಹೀಗೆ ಎದುರು ನಿಲ್ಲುದು ಆ ಕಾಲಕ್ಕೆ ಎಂತ ಧೈರ್ಯ ಅಂತ ಯೋಚನೆ ಮಾಡಿ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೇ ಅದನ್ನು ನಿಷೇಧಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ಐದು ಲಕ್ಷ ರೂಪಾಯಿ ಮೂರು ತಿಂಗಳ ಒಳಗೆ ಕೊಡಿ ಅಂತ ಆರ್ಡರ್ ಆಯ್ತು. ಐದು ವರ್ಷ ಕಳೆದು 2022ರ ಮೇ ತಿಂಗಳಲ್ಲಿ ಅದೇ ಕೋರ್ಟ್ ನೋಡಿದಾಗ 3704 ಜನರಲ್ಲಿ ದುಡ್ಡು ಸಿಕ್ಕಿದ್ದು ಬರೀ 8 ಜನರಿಗೆ. ಆ 8 ಜನ ಯಾರು ಅಂತ ಕೇಳಿದ್ರೆ, ಆರ್ಡರ್ ಪಾಲನೆ ಆಗ್ಲಿಲ್ಲ ಅಂತ ಪುನಃ ಕೋರ್ಟಿಗೆ ಹೋದವರು.

ಇದನ್ನು ಓದಿದ್ರೆ ನನಗೆ ಎರಡು ಕಡೆಯಿಂದ ಸಂಕಟ ಆಗ್ತದೆ. ಕೇಳಿದವರಿಗೆ ಸಿಕ್ಕಿತು, ಹಾಗಾಗಿ ಕೇಳಿ ಅಂತ ನಮ್ಮವರಿಗೆ ಹೇಳ್ಬೇಕು, ಅದು ಒಂದು. ಆದ್ರೆ ಮಲಗಿದಲ್ಲೇ ಇರುವ ಮಗುವನ್ನು ಬಿಟ್ಟು ಗೇಟಿನವರೆಗೂ ಹೋಗ್ಲಿಕ್ಕೆ ಆಗದ ತಾಯಿ ಡೆಲ್ಲಿಯ ಕೋರ್ಟಿಗೆ ಹೋಗ್ತಾಳಾ? ಕೇಳಿದವರಿಗೆ ಮಾತ್ರ ಕೊಡುದು ಅಂತ ಆಫೀಸುಗಳು ಕೂತ್ರೆ ಅತೀ ಕಷ್ಟದಲ್ಲಿ ಇರುವವರೇ ಕೊನೆಗೆ ಉಳಿಯುದು, ಯಾಕಂದ್ರೆ ಅವರಿಗೇ ಸ್ವರ ಕಮ್ಮಿ. 2019ರಲ್ಲಿ ತಾಯಂದಿರು ತಿರುವನಂತಪುರದ ಸೆಕ್ರೆಟರಿಯೇಟಿನ ಎದುರು ಮಕ್ಕಳನ್ನು ಕಟ್ಕೊಂಡು ಹೋಗಿ ಕೂರ್ಬೇಕಾಯ್ತು. ಅಷ್ಟು ದೂರ, ಆ ಮಕ್ಕಳನ್ನು ಹಿಡ್ಕೊಂಡು, ರೈಲಲ್ಲಿ ಒಂದು ರಾತ್ರಿ ಪೂರ್ತಿ ಪ್ರಯಾಣ. ಅಂಥ ಮಗುವಿಗೆ ದಾರಿಯಲ್ಲಿ ಬಟ್ಟೆ ಬದಲಾಯಿಸ್ಲಿಕ್ಕೆ ಎಷ್ಟು ಕಷ್ಟ ಅಂತ ನೋಡಿದವರಿಗೆ ಮಾತ್ರ ಗೊತ್ತು.

ಸಾಲದ ವಿಷಯದಲ್ಲಿ ಜನ ಇನ್ನೂ ಹೆಚ್ಚು ಮುಚ್ಚಿಡ್ತಾರೆ. ಜಪ್ತಿ ನೋಟೀಸನ್ನು ನಾಲ್ಕು ಮಡಿಕೆ ಮಾಡಿ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಬಟ್ಟೆಯ ಅಡಿಗೆ ಇಟ್ಟು, ಅದರಲ್ಲಿ ಕೊಟ್ಟ ದಿನ ಎಲ್ಲ ಮುಗಿದ ಮೇಲೆ ನಮ್ಮಲ್ಲಿಗೆ ತಂದು "ಇದರಲ್ಲಿ ಎಂತ ಬರೆದಿದೆ ಸ್ವಲ್ಪ ಓದಿ ಹೇಳಿ" ಅಂತಾರೆ. ಹೆಂಡತಿಗೆ ಗೊತ್ತಿಲ್ಲದೆ ಗಂಡ, ಗಂಡನಿಗೆ ಗೊತ್ತಿಲ್ಲದೆ ಹೆಂಡತಿ ಚಿನ್ನ ಅಡವಿಟ್ಟದ್ದು, ವಾರದ ಕಂತಿನ ಸಾಲ ತೀರಿಸ್ಲಿಕ್ಕೆ ಇನ್ನೊಂದು ವಾರದ ಕಂತಿನ ಸಾಲ. ಸುರುವಿಗೇ ಬಂದು ಹೇಳಿದ್ರೆ ಕಂತು ಬದಲಾಯಿಸಿ ಕೊಡಿ ಅಂತ ಬ್ಯಾಂಕಿಗೆ ಬರೆದು ಕೊಡಬಹುದಿತ್ತು, ಅದಾಲತ್ತಿಗೆ ಹೋಗಬಹುದಿತ್ತು. ಮರ್ಯಾದೆ ಹೋಗ್ತದೆ ಅಂತ ಸುಮ್ಮನಿದ್ದು ಕೊನೆಗೆ ಜಾಗಕ್ಕೆ ಬೋರ್ಡ್ ಬಿದ್ದು ಊರಿಗೆಲ್ಲ ಗೊತ್ತಾಗ್ತದೆ. ಇನ್ನು ಮನಸ್ಸಿನ ಕಾಯಿಲೆ ಅಂದ್ರಂತೂ ಹೇಳುವ ಮಾತೇ ಇಲ್ಲ. ಹುಡುಗ ಕೋಣೆಯಿಂದ ಹೊರಗೆ ಬರುದಿಲ್ಲ, ಊಟ ಸೇರುದಿಲ್ಲ, ರಾತ್ರಿ ನಿದ್ರೆ ಇಲ್ಲ ಅಂತ ಅಮ್ಮ ನನ್ನ ಹತ್ರ ಹೇಳ್ತಾರೆ, ಡಾಕ್ಟ್ರಿಗೆ ತೋರಿಸಿದ್ರಾ ಅಂತ ಕೇಳಿದ್ರೆ "ಅಯ್ಯೋ, ಮತ್ತೆ ಜನ ಎಂತ ಹೇಳ್ತಾರೆ" ಅಂತಾರೆ. ಡಾಕ್ಟ್ರ ಎದುರು ಕೂತ್ರೂ "ಸ್ವಲ್ಪ ತಲೆನೋವು" ಅಂತ ಹೇಳಿ ಮಾತ್ರೆ ತಗೊಂಡು ಬರ್ತಾರೆ. 14416 ಅಂತ ಟೆಲಿಮಾನಸ್ ನಂಬರ್ ಉಂಟು, ಸರಕಾರದ್ದು, ದುಡ್ಡಿಲ್ಲ, ರಾತ್ರಿ ಹಗಲು ಯಾವಾಗ ಬೇಕಾದ್ರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಮನೆಯ ಹಿಂದೆ ತೋಟದಲ್ಲಿ ನಿಂತು ಮಾಡಿದ್ರೂ ಆಗ್ತದೆ, ಊರಿಗೆ ಗೊತ್ತಾಗುದಿಲ್ಲ. ದಯಮಾಡಿ ಈ ನಂಬರನ್ನು ದಪ್ಪ ಅಕ್ಷರದಲ್ಲಿ ಹಾಕಿ ಸರ್.

ಎಲ್ಲವನ್ನೂ ಎಲ್ಲರ ಎದುರು ಹೇಳ್ಬೇಕು ಅಂತ ನಾನು ಹೇಳುದಿಲ್ಲ. ಮನೆಯ ಮಾತು ಮನೆಯಲ್ಲಿ ಇರಬೇಕು ಅನ್ನುವ ಹಿರಿಯರಿಗೆ ನಾನು ಗೌರವ ಕೊಡ್ತೇನೆ, ಇನ್ನೊಬ್ಬರ ಮನಸ್ಸಿಗೆ ನೋವಾಗ್ಬಾರ್ದು ಅಂತ ಮಾತು ನುಂಗುವ ನಮ್ಮ ಊರಿನ ಗುಣ ನನಗೆ ಇಷ್ಟವೇ. ನಮ್ಮ ದೊಡ್ಡಮ್ಮ ಒಬ್ಬರು ಇದ್ರು, ಅವರು ಯಾರ ಗುಟ್ಟನ್ನೂ ಇನ್ನೊಬ್ಬರಿಗೆ ಹೇಳ್ತಿರ್ಲಿಲ್ಲ, ಹಾಗಾಗಿಯೇ ಊರಿನ ಹೆಂಗಸರೆಲ್ಲ ಅವರ ಹತ್ರ ಬಂದು ಮನಸ್ಸು ಬಿಚ್ಚಿ ಮಾತಾಡ್ತಿದ್ರು. ಜನ ಮಾತಾಡುದು ಅಂಥ ಭರವಸೆ ಇದ್ದಲ್ಲಿ. ನಮ್ಮ ಕೌಂಟರುಗಳಲ್ಲಿ ಆ ಭರವಸೆ ಎಲ್ಲುಂಟು? ಹಿಂದೆ ಕ್ಯೂನಲ್ಲಿ ಹತ್ತು ಜನ ಕಿವಿ ಕೊಟ್ಟು ನಿಂತಿರುವಾಗ ಗಂಡ ಬಿಟ್ಟು ಹೋದ ಹುಡುಗಿಗೆ "ಯಾಕೆ ಬಿಟ್ಟದ್ದು, ಎಷ್ಟು ಸಮಯ ಆಯ್ತು" ಅಂತ ಜೋರಾಗಿ ಕೇಳಿದ್ರೆ ಅವಳು ಎಂತ ಹೇಳ್ಬೇಕು? ಅವಳು ಅರ್ಜಿ ಬೇಡ ಅಂತ ಹೊರಟು ಹೋದದ್ದನ್ನು ನಾನು ಒಂದು ಆಫೀಸಿನಲ್ಲಿ ಕಣ್ಣಾರೆ ನೋಡಿದ್ದೇನೆ. ಅವಳು ಸುಮ್ಮನಾದದ್ದು ಸಂಕೋಚ ಅಲ್ಲ, ಅವಳನ್ನು ಸುಮ್ಮನಾಗಿಸಿದ್ದು. ಈ ವ್ಯತ್ಯಾಸ ಕೇಳುವ ಕಡೆ ಕೂತವರಿಗೆ ಗೊತ್ತಿರ್ಬೇಕು.

ಹಾಗಾಗಿ ನನ್ನ ಬೇಡಿಕೆ ಇಷ್ಟು. ವಾರ್ಡ್ ಮೆಂಬರುಗಳು, ಅದರಲ್ಲೂ ಮನೆಯಲ್ಲಿ ಕನ್ನಡ ತುಳು ಮಾತಾಡುವವರು, ಗ್ರಾಮಸಭೆಯ ಮೊದಲ ಮಾತನ್ನು ಆ ವಾರ್ಡಿನ ಜನರ ಭಾಷೆಯಲ್ಲಿ ಆಡಲಿ, ಯೋಜನೆಯ ಪಟ್ಟಿಯನ್ನು ಕನ್ನಡದಲ್ಲೂ ಪ್ರಿಂಟ್ ತೆಗೆದು ಒಂದು ವಾರ ಮೊದಲು ಅಂಗನವಾಡಿಯಲ್ಲೋ ರೇಷನ್ ಅಂಗಡಿಯಲ್ಲೋ ಅಂಟಿಸಲಿ. ಎದ್ದು ಹೇಳ್ಲಿಕ್ಕೆ ಆಗದವರಿಗೆ ಚೀಟಿ ಬರೆದು ಕೊಡುವ ಅವಕಾಶ ಇರ್ಲಿ, ಬರಿಲಿಕ್ಕೆ ಬಾರದವರಿಗೆ ಬರೆದು ಕೊಡ್ಲಿಕ್ಕೆ ಕುಡುಂಬಶ್ರೀಯ ಹುಡುಗಿಯರು ಉಂಟು, ನಾನೂ ಬರ್ತೇನೆ. ಆಫೀಸುಗಳಲ್ಲಿ ಒಂದು ಕುರ್ಚಿಯನ್ನು ಕ್ಯೂವಿನಿಂದ ದೂರ ಹಾಕಿದ್ರೆ ಅದಕ್ಕೆ ಫಂಡ್ ಬೇಡ, ಆರ್ಡರೂ ಬೇಡ. ಪೆನ್ಶನ್ ನಿಂತ ಪ್ರತಿಯೊಬ್ಬರ ಮನೆಗೆ ಯಾಕೆ ನಿಂತಿತು ಅಂತ ಒಂದು ಫೋನ್ ಆದ್ರೂ ಹೋಗ್ಬೇಕು, ಲಿಸ್ಟು ಅವರ ಕಂಪ್ಯೂಟರಲ್ಲೇ ಉಂಟಲ್ಲ.

ನಿಮ್ಮ ಪತ್ರಿಕೆಗೂ ಒಂದು ವಿನಂತಿ. ಜಾತ್ರೆ, ಕೋಲ, ಯಕ್ಷಗಾನದ ದಿನ ಹಾಕುವ ಕಾಲಮಿನ ಪಕ್ಕದಲ್ಲೇ ಯಾವ ವಾರ್ಡಿನ ಗ್ರಾಮಸಭೆ ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ಅಂತ ಹಾಕಿ. ನಮ್ಮ ಕಡೆ ಆ ಪುಟವನ್ನು ಓದದ ಮನೆ ಇಲ್ಲ. ನಮ್ಮ ಪಂಚಾಯತಿನ ವಾರ್ಡುಗಳ ದಿನಾಂಕವನ್ನು ಸೇರಿಸಿ ನಿಮ್ಮ ಆಫೀಸಿಗೆ ಕಳಿಸುವ ಕೆಲಸವನ್ನು ನಾನು ವಹಿಸಿಕೊಳ್ತೇನೆ, ವಾಟ್ಸಾಪಿನಲ್ಲಿ ಬೇಕಾದ್ರೆ ಹಾಗೆ, ಇಲ್ಲ ಟೈಪ್ ಮಾಡಿ ಮೈಲಲ್ಲಿ ಬೇಕಾದ್ರೆ ಹಾಗೆ, ಯಾವುದು ಅನುಕೂಲ ಅಂತ ತಿಳಿಸಿ.

ಇತಿ,
ಅಕ್ಷಯ ಕೇಂದ್ರದ ಉದ್ಯೋಗಿ,
ಬದಿಯಡ್ಕ, ಕಾಸರಗೋಡು ಜಿಲ್ಲೆ